ಬ್ಯಾನರ್ ಕಟ್ಟಿ ಕಸ ಹೊಡೆಯುವವರು

ಬ್ಯಾನರ್ ಕಟ್ಟಿಕೊಂಡು ಕಸ ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಸ ಹೊಡೆಯುವುದರ ಮೇಲೆ ನನ್ನ ಸಿಟ್ಟಿಲ್ಲ. ಅದು ನಮ್ಮ ನಿಮ್ಮೆಲ್ಲರ ದಿನದ ಕೆಲಸ. ಬೆಳಗಾದರೆ ಅಂಗಳ ಗುಡಿಸಿ ನೀರು ಹೊಡೆಯದೆ ನಮಗೆ ಚಹಾ ರುಚಿಸುವುದಿಲ್ಲ. ಆದರೆ ಯಾವ ಮನೆಯಲ್ಲಾದರೂ ಅಂಗಳ ಗುಡಿಸುವವಳ ಹಿಂದೆ ಆಕೆಯ ಹೆಸರು ಬರೆದ ಬಟ್ಟೆ ಕಟ್ಟಿ, ಫೋಟೋ ಹೊಡೆದು, ‘ಅಂಗಳ ಉಳಿಸಿದ ಮಹಾತಾಯಿ’ ಎಂದು ಪೇಪರಿಗೆ ಕೊಟ್ಟದ್ದನ್ನು ನೀವು ನೋಡಿದ್ದೀರಾ? ಮನೆಯ ಅಂಗಳದಲ್ಲಿ ಇಲ್ಲದ ಈ ಡೌಲು ಗುಡಿಯ ಅಂಗಳಕ್ಕೆ ಬಂದ ಕೂಡಲೇ ಎಲ್ಲಿಂದ ಬರುತ್ತದೆ ಎಂಬುದು ನನ್ನ ತಕರಾರು.

ಈ ತಕರಾರನ್ನು ನಮ್ಮ ಮಹಿಳಾ ಮಂಡಳದ ಸಭೆಯಲ್ಲಿ ಎತ್ತಿದ್ದಕ್ಕೆ, “ನಿಮಗ ಯಾವ ಛಲೋ ಕೆಲಸಾನೂ ಸೇರೂದಿಲ್ಲ ಬಿಡ್ರಿ” ಎಂಬ ಬಿರುದು ಸಿಕ್ಕಿತು. ಬಿರುದನ್ನು ಇಟ್ಟುಕೊಂಡಿದ್ದೇನೆ. ಸಭೆಯಲ್ಲಿ ನನಗೆ ಸಿಕ್ಕದ್ದು ಐದು ನಿಮಿಷ. ಅದರಲ್ಲಿ ಮೂರು ನಿಮಿಷ ಅವಲಕ್ಕಿ ಹಂಚುವುದರಲ್ಲಿ ಹೋಯಿತು. ಹೇಳಲು ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮಾತೆಲ್ಲ ಎದ್ದದ್ದು ಮಹಾಕೂಟದ ಸಂಬಂಧ. ನೋಡಿದವರಿಗೆ ಹೇಳಬೇಕಾಗಿಲ್ಲ, ನೋಡದವರಿಗಾಗಿ ನಾಲ್ಕು ಮಾತು. ಬಾದಾಮಿಯಿಂದ ರಸ್ತೆ ಹಿಡಿದು ಹೋದರೆ ಹದಿನಾಲ್ಕು ಕಿಲೋಮೀಟರಿನ ಆಸುಪಾಸು. ಗುಡ್ಡದ ಕಾಲುದಾರಿಯಲ್ಲಿ ಅದರ ಅರ್ಧವೂ ಇಲ್ಲ. ಸುತ್ತ ಕೆಂಪುಗಲ್ಲಿನ ಗುಡ್ಡ, ನಡುವೆ ದೊಡ್ಡ ಮರಗಳ ನೆರಳು, ಆ ನೆರಳಿನಲ್ಲಿ ಚಾಲುಕ್ಯರು ಆರು-ಏಳನೆಯ ಶತಮಾನದಲ್ಲಿ ಕಟ್ಟಿದ ಗುಡಿಗಳು. ಮಹಾಕೂಟೇಶ್ವರ, ಮಲ್ಲಿಕಾರ್ಜುನ, ಸಂಗಮೇಶ್ವರ, ಇನ್ನು ಸಣ್ಣಪುಟ್ಟವು ಎಷ್ಟೋ. ದಕ್ಷಿಣದ ದ್ರಾವಿಡ ಶಿಖರವೂ ಉತ್ತರದ ನಾಗರ ಶಿಖರವೂ ಒಂದೇ ಅಂಗಳದಲ್ಲಿ, ಒಂದೇ ಮನೆಗೆ ಬಂದ ಓರಗಿತ್ತಿಯರ ಹಾಗೆ, ಜಗಳವಿಲ್ಲದೆ ನಿಂತಿವೆ. ನಡುವೆ ವಿಷ್ಣು ಪುಷ್ಕರಣಿ. ನಮ್ಮ ಕಡೆಯ ಬಾಯಲ್ಲಿ ಅದು ಹೊಂಡ. ಗುಡ್ಡದ ಒರತೆಯೇ ಅದಕ್ಕೆ ನೀರು. ನೀರೊಳಗೇ ಒಂದು ಪುಟ್ಟ ಮಂಟಪ, ಅದರಲ್ಲಿ ಪಂಚಮುಖದ ಲಿಂಗ. ಹಿರಿಯರು ದಕ್ಷಿಣ ಕಾಶಿ ಎಂದು ಕರೆದರು. ಬರಗಾಲಕ್ಕೆ ಹೆಸರಾದ ನಮ್ಮ ಸೀಮೆಯಲ್ಲಿ, ಬೇಸಗೆಯ ಬಿಸಿಲಿನಲ್ಲಿ ನಡೆದು ಬಂದವರಿಗೆ ಆ ತಣ್ಣನೆಯ ನೀರು ಕಂಡಾಗ ಬೇರೆ ಹೆಸರು ಹೊಳೆದಿದ್ದರೇ ಆಶ್ಚರ್ಯ.

ಹೋದ ವರ್ಷ ಒಂದು ಸಂಘದವರು ‘ಪರಂಪರೆ ಉಳಿಸೋಣ’ ಎಂದು ಅಲ್ಲಿಗೆ ಬಸ್ಸು ಮಾಡಿದರು. ಯಾವ ಸಂಘವೆಂದು ಕೇಳಬೇಡಿ, ಎಲ್ಲ ಊರಿನಲ್ಲೂ ಅಂಥದೊಂದು ಇದ್ದೇ ಇರುತ್ತದೆ. ನೋಡೋಣವೆಂದು ನಾನೂ ಹತ್ತಿದೆ. ನಲವತ್ತೈದು ಮಂದಿ ಹೆಣ್ಣುಮಕ್ಕಳು, ಎಲ್ಲರ ತಲೆಯ ಮೇಲೆ ಒಂದೇ ಬಣ್ಣದ ಟೊಪ್ಪಿಗೆ, ಕೈಗೆ ರಬ್ಬರಿನ ಗವಸು, ತಲೆಗೊಂದರಂತೆ ನೀರಿನ ಬಾಟಲಿ. ಬಸ್ಸಿನಿಂದ ಇಳಿದು ಮಾಡಿದ ಮೊದಲ ಕೆಲಸ ಎರಡು ಮರಗಳ ನಡುವೆ ಬ್ಯಾನರ್ ಕಟ್ಟಿದ್ದು. ಎರಡನೆಯದು ಅದರ ಮುಂದೆ ಸಾಲಾಗಿ ನಿಂತದ್ದು. ಆಮೇಲೆ ಒಂದು ತಾಸು ನಿಜವಾಗಿಯೂ ದುಡಿದರು, ಸುಳ್ಳು ಹೇಳಬಾರದು. ಹತ್ತು ಹನ್ನೆರಡು ಚೀಲ ಕಸ ಕೂಡಿತು. ಊಟವಾಯಿತು; ಉಂಡ ತಾಟು, ಕುಡಿದ ಬಾಟಲಿ ಸೇರಿ ಇನ್ನೆರಡು ಚೀಲ ಕೂಡಿತು. ಈ ಚೀಲಗಳನ್ನು ಯಾರು, ಯಾವ ಗಾಡಿಯಲ್ಲಿ, ಎಲ್ಲಿಗೆ ಒಯ್ಯಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಕಂಪೌಂಡಿನ ಹಿಂದೆ ಸಾಲಾಗಿ ಇಟ್ಟು ಬಂದರು. ಮಂಗಗಳ ರಾಜ್ಯ ಅದು. ಚೀಲದ ಬಾಯಿ ಎಷ್ಟು ಹೊತ್ತು ಮುಚ್ಚಿದ್ದೀತು ಎಂದು ನೀವೇ ಲೆಕ್ಕ ಹಾಕಿರಿ.

ಇದು ನಗುವ ಸಂಗತಿ. ನಗಲಾರದ ಸಂಗತಿ ಇನ್ನೊಂದಿದೆ. ಇಬ್ಬರು ಉತ್ಸಾಹಿ ಹೆಣ್ಣುಮಕ್ಕಳು ಗೋಡೆಯ ಮೇಲಿನ ಒಂದು ಮೂರ್ತಿಯ ಮುಂದೆ ಕುಳಿತು, ಸೋಪಿನ ಪುಡಿ ಹಾಕಿ, ತೆಂಗಿನ ನಾರಿನಿಂದ ಅದರ ಕಾಲು ತಿಕ್ಕತೊಡಗಿದರು. ಹೊರಗೆ ಕಾಯಿ-ಕರ್ಪೂರ ಮಾರುವ ಮುದುಕಿಯೊಬ್ಬಳು ಬುಟ್ಟಿ ಬಿಟ್ಟು ಓಡಿ ಬಂದಳು. “ಯವ್ವಾ, ದೇವರ ಮೈ ಐತಿ ಅದು, ಬಾಂಡೆ ಅಲ್ಲ. ತಿಕ್ಕಬ್ಯಾಡ್ರಿ” ಎಂದಳು. ತಿಕ್ಕುವವರು ಬೆಪ್ಪಾಗಿ ನಿಂತರು. ಆಗ ಸಂಘದ ಹಿರಿಯರೊಬ್ಬರು, ಆಕೆಗೆ ಕೇಳುವಂತೆಯೇ, “ಇವರಿಗೆ ಇದರ ಬೆಲೀನ ಗೊತ್ತಿಲ್ಲ. ಅದಕ್ಕ ಹಿಂಗ ಹಾಳಾಗೇತಿ” ಎಂದರು.

ನನ್ನ ಜಗಳವೆಲ್ಲ ಆ ಒಂದು ಮಾತಿನ ಜೊತೆ.

ಮೊದಲು ಕಲ್ಲಿನ ವಿಷಯಕ್ಕೆ ಬರೋಣ, ಏಕೆಂದರೆ ಅಲ್ಲಿ ಮುದುಕಿಯೇ ಸರಿ. ಬಾದಾಮಿ ಸೀಮೆಯದು ಮರಳುಗಲ್ಲು. ಮರಳಿನ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾದದ್ದು; ಕಪ್ಪುಗಲ್ಲಿನ ಗಟ್ಟಿತನ ಅದಕ್ಕಿಲ್ಲ. ನಮ್ಮ ಶಿಲ್ಪಿಗಳ ಉಳಿಗೆ ಅದು ಬೆಣ್ಣೆಯಂತೆ ಒಲಿದದ್ದೂ ಇದೇ ಕಾರಣಕ್ಕೆ, ಇಂದು ತಿಕ್ಕಿದರೆ ಪುಡಿಪುಡಿಯಾಗಿ ಉದುರುವುದೂ ಇದೇ ಕಾರಣಕ್ಕೆ. ಸೋಪಿನ ಪುಡಿಯಲ್ಲಿರುವ ಉಪ್ಪುಗಳು ನೀರಿನೊಡನೆ ಕಲ್ಲಿನ ಸಣ್ಣ ಸಣ್ಣ ರಂಧ್ರಗಳೊಳಗೆ ಇಳಿಯುತ್ತವೆ. ನೀರು ಆರುತ್ತದೆ, ಉಪ್ಪು ಒಳಗೇ ಹರಳುಗಟ್ಟುತ್ತದೆ, ಮೇಲ್ಪದರನ್ನು ಒಳಗಿನಿಂದ ಒತ್ತಿ ಒಡೆಯುತ್ತದೆ. ನಿಮ್ಮ ಬಚ್ಚಲಗೋಡೆ ಹೊಪ್ಪಳಿಕೆ ಎದ್ದು ಬೀಳುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಕಪ್ಪಾಗಿ ಬೂದಿಯಾಗಿ ಹಬ್ಬಿರುವ ಕಲ್ಲುಹೂವನ್ನು ತಂತಿ ಬ್ರಷ್ಷಿನಿಂದ ಕೆರೆದರೆ ಹೂವಿನ ಜೊತೆ ಮೂಗೂ ಹೋಗುತ್ತದೆ, ಅಕ್ಷರವೂ ಹೋಗುತ್ತದೆ. ಹದಿನಾಲ್ಕು ಶತಮಾನ ಮಳೆ ಬಿಸಿಲು ಮಾಡದ್ದನ್ನು ಒಂದು ಭಾನುವಾರದ ಶ್ರಮದಾನ ಮಾಡಬಲ್ಲದು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದ ಮೇಲೆ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಭಕ್ತಿಯಿಂದ ಕೆಡಿಸಿದೆವು ಎಂದರೆ ರಿಯಾಯಿತಿ ಉಂಟೆಂದು ನಾನು ಎಲ್ಲೂ ಓದಿಲ್ಲ.

ಮುದುಕಿಗೆ ಉಪ್ಪು, ಹರಳು, ರಂಧ್ರ ಇದೊಂದೂ ಗೊತ್ತಿಲ್ಲ. ಆದರೆ ತಿಕ್ಕಬಾರದೆಂದು ಗೊತ್ತು. ಆಕೆಯನ್ನು ಪಕ್ಕಕ್ಕೆ ಕರೆದು ಮಾತಾಡಿಸಿದೆ. ಯಾವ ಅಮಾವಾಸ್ಯೆಗೆ ಎಷ್ಟು ಮಂದಿ ಬರುತ್ತಾರೆ, ಹೊಂಡದ ನೀರು ಹೊರಗೆ ಹೋಗುವ ದಾರಿಯಲ್ಲಿ ಯಾವ ಮೂಲೆಯಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಅದನ್ನು ಮುಳುಗಿ ತೆಗೆಯುವ ಹುಡುಗರು ಯಾರ ಮನೆಯವರು, ಯಾವ ಮರಕ್ಕೆ ಹುಳ ಬಿದ್ದಿದೆ, ಎಲ್ಲವೂ ಆಕೆಗೆ ಬಾಯಿಪಾಠ. ಸಂಘದ ನಲವತ್ತೈದು ಮಂದಿಯಲ್ಲಿ ಒಬ್ಬರೂ ಆಕೆಯನ್ನು ಏನೂ ಕೇಳಲಿಲ್ಲ. ಕಾಯಿಯ ರೇಟು ಮಾತ್ರ ಕೇಳಿದರು, ಚೌಕಾಶಿಯನ್ನೂ ಮಾಡಿದರು.

ಈಗ ಬೆಲೆಯ ಮಾತು. ಈ ಜಾಗಕ್ಕೆ ಬೆಲೆ ಕಟ್ಟಿದ ಇಬ್ಬರು ಹೆಣ್ಣುಮಕ್ಕಳ ಹೆಸರು ಅಲ್ಲಿಯ ಶಾಸನಗಳಲ್ಲೇ ಇವೆ. ಒಬ್ಬಳು ದುರ್ಲಭದೇವಿ, ಒಂದನೆಯ ಪುಲಕೇಶಿಯ ರಾಣಿ. ಮಂಗಲೇಶನ ಕಾಲದಲ್ಲಿ, ಕ್ರಿ.ಶ. 602ರ ಸುಮಾರಿಗೆ ಮಹಾಕೂಟದಲ್ಲಿ ನಿಲ್ಲಿಸಿದ ಕಂಬದ ಮೇಲೆ, ಈ ದೇವರಿಗೆ ಆಕೆ ಹತ್ತು ಊರುಗಳನ್ನು ಬಿಟ್ಟ ಸಂಗತಿ ಕೆತ್ತಿದೆ. ಇನ್ನೊಬ್ಬಳು ಅದಾದ ನೂರು ವರ್ಷಕ್ಕೆ ಬಂದ ವಿನಾಪೋಟಿ. 696ರಿಂದ 733ರವರೆಗೆ ಆಳಿದ ವಿಜಯಾದಿತ್ಯನ ಪ್ರಾಣವಲ್ಲಭೆ. ಪಟ್ಟದ ರಾಣಿಯಲ್ಲ. ಆದರೂ ತನ್ನ ತಾಯಿಯ ಕಡೆಯ ಹೆಣ್ಣುಗಳ ಹೆಸರು ಹೇಳಿಕೊಂಡು, ಹಳೆಗನ್ನಡಕ್ಕೂ ಹಳೆಯದಾದ ಕನ್ನಡದಲ್ಲಿ, ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದೆ, ಬೆಳ್ಳಿಯ ಕೊಡೆ ಹಿಡಿಸಿದೆ, ಹೊಲ ಬಿಟ್ಟೆ ಎಂದು ಮಹಾಕೂಟೇಶ್ವರನ ಗುಡಿಯ ಮುಖಮಂಟಪದಲ್ಲಿ ಬರೆಯಿಸಿದ್ದಾಳೆ. ನಮ್ಮ ಪಠ್ಯಪುಸ್ತಕಗಳಲ್ಲಿ ಪುಲಕೇಶಿ ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದದ್ದು ಎಲ್ಲರಿಗೂ ಗೊತ್ತು. ವಿನಾಪೋಟಿಯ ಹೆಸರನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾವ ಮಾಸ್ತರರೂ ಹೇಳಲಿಲ್ಲ.

ಇವರಿಬ್ಬರೂ ಏನು ಮಾಡಿದರು ಎಂಬುದನ್ನು ಗಮನಿಸಿರಿ. ಒಡವೆಯನ್ನಷ್ಟೇ ಕೊಡಲಿಲ್ಲ. ಒಬ್ಬಳು ಊರು ಕೊಟ್ಟಳು, ಇನ್ನೊಬ್ಬಳು ಹೊಲ ಕೊಟ್ಟಳು. ದೇವರಿಗೆ ಹೊಲ ಏಕೆ? ದೇವರೇನು ಬಿತ್ತುತ್ತಾನೆಯೆ? ಅದರ ಉತ್ಪನ್ನದಲ್ಲಿ ಗುಡಿ ನಡೆಯಲಿ, ದೀಪ ಹಚ್ಚುವವರು, ನೀರು ಹೊರುವವರು, ಅಂಗಳ ಗುಡಿಸುವವರು ಉಣ್ಣಲಿ ಎಂದು. ಕಾಯುವವರ ಹೊಟ್ಟೆ ತುಂಬಿದರೆ ಕಾಯುವ ಕೆಲಸ ತಾನಾಗಿ ನಡೆಯುತ್ತದೆ ಎಂಬ ಲೆಕ್ಕ ಆ ಹೆಣ್ಣುಮಕ್ಕಳಿಗೆ ಇತ್ತು. ನಮ್ಮ ಸಂಘದವರು ಬಸ್ಸಿನ ಬಾಡಿಗೆ, ಟೊಪ್ಪಿಗೆ, ಬ್ಯಾನರ್, ಊಟ ಎಲ್ಲ ಕೂಡಿ ಖರ್ಚು ಮಾಡಿದ ದುಡ್ಡಿನಲ್ಲಿ ಮಹಾಕೂಟದ ಪಾಲಿಗೆ ಬಂದದ್ದು ಎಷ್ಟು? ಕಾಯಿ ಕರ್ಪೂರದ ದುಡ್ಡು, ಅದೂ ಚೌಕಾಶಿ ಆದ ಮೇಲೆ.

ಅಂದಹಾಗೆ, ಆ ಮಂಗಲೇಶನ ಕಂಬ ಈಗ ಮಹಾಕೂಟದಲ್ಲಿಲ್ಲ. ವಿಜಯಪುರದ ಗೋಲಗುಮ್ಮಟದ ಮ್ಯೂಸಿಯಮ್ಮಿನಲ್ಲಿದೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಕಂಬ ಹಳೆಯ ಜಿಲ್ಲೆಯ ಊರಿನಲ್ಲೇ ಉಳಿಯಿತು. ಮಹಾಕೂಟದ ಹತ್ತಿರದ ನಾಗನಾಥಕೊಳ್ಳದಲ್ಲಿದ್ದ ಲಜ್ಜಾಗೌರಿಯೂ ಹಾಗೆಯೇ. ಹೆರುವ ಭಂಗಿಯಲ್ಲಿ, ತಲೆಯ ಜಾಗದಲ್ಲಿ ಕಮಲ ಹೊತ್ತು ಮಲಗಿದ ಆ ತಾಯಿ ಈಗ ಬಾದಾಮಿಯ ಮ್ಯೂಸಿಯಮ್ಮಿನಲ್ಲಿದ್ದಾಳೆ. ಅಲ್ಲಿ ಆಕೆ ಸುರಕ್ಷಿತ, ಒಪ್ಪಿದೆ. ಆದರೆ ಐಹೊಳೆಯ ಕಡೆಯ ಸಿದ್ಧನಕೊಳ್ಳಕ್ಕೆ ಹೋಗಿರಿ. ಅಲ್ಲಿಯ ಲಜ್ಜಾಗೌರಿಗೆ ಇಂದಿಗೂ ಮಕ್ಕಳಿಲ್ಲದ ಹೆಣ್ಣುಮಕ್ಕಳು ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಕಿವಿಯಲ್ಲಿ ಹೇಳುವ ಹಾಗೆ ಬೇಡಿಕೊಳ್ಳುತ್ತಾರೆ. ಎಣ್ಣೆ ಕಲ್ಲಿಗೆ ಒಳ್ಳೆಯದಲ್ಲ ಎಂದು ಬಲ್ಲವರು ಹೇಳುತ್ತಾರೆ; ನಿಜವೇ. ಆದರೆ ಆ ಎಣ್ಣೆಯ ಕೈಗಳು ಇಲ್ಲದಿದ್ದರೆ ಸಾವಿರ ವರ್ಷ ಆ ಕಾಡುಕೊಳ್ಳದಲ್ಲಿ ಆ ಮೂರ್ತಿಯನ್ನು ಯಾರು ಕಾಯುತ್ತಿದ್ದರು? ಆಗ ಇಲಾಖೆ ಇತ್ತೆ? ಸಂಘ ಇತ್ತೆ?

ಐಹೊಳೆಯ ಹೆಸರು ಬಂತಲ್ಲ, ಅಲ್ಲಿಯ ಗುಡಿಗಳ ಹೆಸರು ಕೇಳಿರಿ. ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ. ಇವು ಯಾವ ದೇವರ ಹೆಸರುಗಳೂ ಅಲ್ಲ. ಅಲ್ಲಿ ವಾಸವಾಗಿದ್ದವರ, ಅದಕ್ಕೆ ಅಂಟಿಕೊಂಡು ಬದುಕಿದವರ ಹೆಸರುಗಳು. ಲಾಡಖಾನ ಎಂಬ ಮುಸಲ್ಮಾನ ಶಿವನ ಗುಡಿಯಲ್ಲಿ ಮನೆ ಮಾಡಿಕೊಂಡಿದ್ದ. ಇಂದು ಪ್ರಪಂಚದ ಎಲ್ಲ ಶಿಲ್ಪಶಾಸ್ತ್ರದ ಪುಸ್ತಕಗಳಲ್ಲಿ ಗುಡಿಗೆ ಆತನದೇ ಹೆಸರು. ಜನ ಅಲ್ಲಿ ದನ ಕಟ್ಟಿದರು, ಒಲೆ ಹೂಡಿದರು, ಹೊಗೆ ಹಿಡಿಸಿದರು ಎಂದು ಪಂಡಿತರು ಬೈಯುತ್ತಾರೆ. ಹೊಗೆ ಹಿಡಿದದ್ದು ನಿಜ. ಆದರೆ ಒಲೆ ಉರಿಯುವ ಮನೆಯ ಕಲ್ಲನ್ನು ಯಾರೂ ಕಿತ್ತುಕೊಂಡು ಹೋಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಈಗ ಆ ಐಹೊಳೆಯ ಜನಕ್ಕೆ ದಶಕಗಳಿಂದ ಒಂದೇ ಮಾತು ಕೇಳಿಬರುತ್ತಿದೆ: ಊರು ಬಿಡಿ, ಬೇರೆ ಕಡೆ ಹೋಗಿ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ ನೂರು ಮೀಟರು ನಿಷೇಧಿತ, ಅದರಾಚೆ ಇನ್ನೂರು ಮೀಟರು ನಿಯಂತ್ರಿತ. ನಿಷೇಧಿತ ಜಾಗದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಕಾಯ್ದೆ ಬೇಡವೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ದುರ್ಗದ ಗುಡಿಯ ಬೆನ್ನಿಗೆ ಇಷ್ಟರಲ್ಲಿ ಮೂರಂತಸ್ತಿನ ಲಾಡ್ಜು ಎದ್ದಿರುತ್ತಿತ್ತು. ಆದರೆ ಗುಡಿಗೆ ಗೋಡೆ ಹಚ್ಚಿ ಮನೆಯಿದ್ದು, ಮಗನ ಮದುವೆಯಾಗಿ, ಸೊಸೆಗೊಂದು ಖೋಲಿ ಬೇಕಾದ ಅತ್ತೆಯ ಜಾಗದಲ್ಲಿ ನಿಂತು ಒಮ್ಮೆ ನೋಡಿರಿ. ಆಕೆಯ ಪಾಲಿಗೆ ಆ ಗುಡಿ ಪರಂಪರೆಯೂ ಅಲ್ಲ, ಹೆಮ್ಮೆಯೂ ಅಲ್ಲ, ಅರ್ಜಿ. ಹೆಮ್ಮೆಯನ್ನು ಅರ್ಜಿ ಮಾಡಿದ ಮೇಲೆ ‘ಜನಕ್ಕೆ ಬೆಲೆ ಗೊತ್ತಿಲ್ಲ’ ಎಂದು ನಾವು ಪಟ್ಟಣದವರು ಟೊಪ್ಪಿಗೆ ಹಾಕಿಕೊಂಡು ಹೋಗಿ ಹೇಳಿದರೆ ಆಕೆಗೆ ಹೇಗಾದೀತು?

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿಗೆ ನುಗ್ಗಿದಾಗ ನೀರಿನಲ್ಲಿ ನಿಂತ ಗುಡಿಗಳ ಚಿತ್ರ ಎಲ್ಲ ಕಡೆ ಬಂತು. 1987ರಿಂದ ಅದು ವಿಶ್ವ ಪರಂಪರೆಯ ತಾಣ, ಬರಬೇಕಾದದ್ದೇ. ಅದೇ ನೀರು ಊರಿನ ಮನೆಗಳಿಗೂ ನುಗ್ಗಿತ್ತು. ಕಲ್ಲಿನ ಗುಡಿ ನೀರಿಳಿದ ಮೇಲೆ ಹಾಗೆಯೇ ನಿಂತಿತು. ಮಣ್ಣಿನ ಗೋಡೆ ನಿಲ್ಲುವುದಿಲ್ಲ.

ಜನರನ್ನು ತೆಗೆದು ಕಲ್ಲನ್ನು ಉಳಿಸುವ ಪ್ರಯೋಗ ನಮ್ಮ ನಾಡಿನಲ್ಲೇ ಆಗಿದೆ. 2011ರ ಜುಲೈ ಕೊನೆಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕಿದ್ದ ಕುಟುಂಬಗಳನ್ನು ಎಬ್ಬಿಸಿ ಕಟ್ಟಡಗಳನ್ನು ಕೆಡವಿದರು. ಅಲ್ಲಿ ಅತಿಕ್ರಮಣ ಇತ್ತೆ? ಇತ್ತು. ಕಂಬಗಳ ನಡುವೆ ಸಿಮೆಂಟಿನ ಗೋಡೆ, ಪ್ರವಾಸಿಗರ ಹೋಟೆಲು, ಎಲ್ಲ ಇತ್ತು. ಆದರೆ ಹೆಸರೇ ಬಜಾರು. ಮುತ್ತು ರತ್ನ ಮಾರಿದರೆಂದು ಹಾಡಿ ಹೊಗಳುವ ಬೀದಿಯಲ್ಲಿ ಇಂದು ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಅದನ್ನು ನೋಡಿದಾಗ ನನಗೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಇಳಕಲ್ಲ ಸೀರೆ ನೆನಪಾಯಿತು. ಉಡದ ಸೀರೆ ಮಡಿಕೆಯಲ್ಲೇ ಸೀಳುತ್ತದೆ ಎಂದು ನಮ್ಮ ತಾಯಂದಿರಿಗೆ ಗೊತ್ತಿತ್ತು.

ಇಷ್ಟು ಹೇಳಿದೆನೆಂದು ಊರವರೆಲ್ಲ ದೇವರು, ಪಟ್ಟಣದವರೆಲ್ಲ ರಾಕ್ಷಸರು ಎಂದು ತಿಳಿಯಬೇಡಿ. ನಮ್ಮ ಓಣಿಯ ನಿವೃತ್ತ ಹೆಡ್‌ಮಾಸ್ತರರು ನನ್ನ ಬಾಯಿ ಮುಚ್ಚಿಸಲು ಹೇಳಿದ ಮಾತಿನಲ್ಲಿ ಹುರುಳಿದೆ. “ಶಿಖರಕ್ಕ ಸುಣ್ಣ ಬಳದವರು ಯಾರು? ಮೂರ್ತಿಗೆ ಆಯಿಲ್ ಪೇಂಟ್ ಹೊಡದವರು ಯಾರು? ಬೆಂಗಳೂರಿನವರೇನ?” ಎಂದು ಕೇಳಿದರು. ಮಹಾಕೂಟದ ಶಿಖರಗಳು ಸುಣ್ಣ ಹೊದ್ದು ಬೆಳ್ಳಗೆ ನಿಂತ ಚಿತ್ರಗಳನ್ನು ನೀವೂ ನೋಡಿರಬಹುದು. ಪದರಿನ ಮೇಲೆ ಪದರು ಸುಣ್ಣ ಬಿದ್ದರೆ ಕೆತ್ತನೆಯ ಮೂಗು ಕಣ್ಣು ಮುಚ್ಚಿಹೋಗುತ್ತವೆ. ಸುಣ್ಣವಾದರೂ ಕಲ್ಲಿಗೆ ಉಸಿರಾಡಲು ಬಿಡುತ್ತದೆ. ಸಿಮೆಂಟು ಅದನ್ನೂ ಬಿಡುವುದಿಲ್ಲ. ಒಳಗಿನ ತೇವ ಹೊರಗೆ ಬರಲಾರದೆ ಪಕ್ಕದ ಮೆತ್ತನೆಯ ಕಲ್ಲನ್ನು ತಿನ್ನುತ್ತದೆ. ಊರ ಹಿರಿಯರು ಭಕ್ತಿಯಿಂದ ಪಟ್ಟಿ ಎತ್ತಿ ಸಿಮೆಂಟು ಮೆತ್ತಿಸಿದ ಗುಡಿಗಳು ನಮ್ಮ ಹಳ್ಳಿಹಳ್ಳಿಯಲ್ಲಿವೆ. ಗ್ರಾನೈಟು ಹಾಸಿ, ಸ್ಟೀಲಿನ ಕಟಾಂಜನ ಹಚ್ಚಿ ‘ಜೀರ್ಣೋದ್ಧಾರ’ ಎಂದು ಬೋರ್ಡು ಬರೆಸಿದವರೂ ಊರವರೇ.

ಹೌದು, ಇಲ್ಲಿಯೇ ಹೊರಗಿನಿಂದ ಹೋಗುವವರಿಗೆ ಕೆಲಸ ಇರುವುದು. ಊರವರಿಗೆ ಗೊತ್ತಿಲ್ಲದ್ದು ಸ್ವಲ್ಪ ನಮಗೆ ಗೊತ್ತಿದೆ, ಅಥವಾ ಗೊತ್ತಿದ್ದವರನ್ನು ಕರೆತರುವ ದಾರಿ ಗೊತ್ತಿದೆ. ಅರ್ಜಿ ಬರೆಯಲು ಬರುತ್ತದೆ. ಧಾರವಾಡದ ಪುರಾತತ್ತ್ವ ಕಚೇರಿಗೆ ಕಾಗದ ಹಾಕಲು, ಉತ್ತರ ಬಾರದಿದ್ದರೆ ಇನ್ನೊಂದು ಹಾಕಲು ಬರುತ್ತದೆ. ಆದರೆ ಈ ಜ್ಞಾನ ಒಂದು ಭಾನುವಾರಕ್ಕೆ ಬಂದು ಹೋಗುವ ಬಾಯಿಂದ ಬಂದರೆ ಯಾರು ಕೇಳುತ್ತಾರೆ? ನಿಮ್ಮ ಅಡುಗೆಮನೆಗೆ ಗುರುತಿಲ್ಲದವಳು ಬಂದು ಸಾರಿಗೆ ಹುಳಿ ಹೆಚ್ಚಾಯಿತು ಎಂದರೆ ನೀವು ಕೇಳುವಿರಾ? ಆಕೆ ಹೇಳಿದ್ದು ನಿಜವಿದ್ದರೂ ಕೇಳುವುದಿಲ್ಲ. ಹತ್ತು ಸಲ ಬಂದು, ಪಡಸಾಲೆಯಲ್ಲಿ ಕುಳಿತು, ನೀವು ಕೊಟ್ಟ ಕಾಯಿಪಲ್ಲೆ ಸೋಸಿ ಕೊಟ್ಟವಳು ಹೇಳಿದರೆ ಕೇಳುತ್ತೀರಿ.

ಹಂಪಿಯಿಂದ ಹೊಳೆ ದಾಟಿದರೆ ಆನೆಗೊಂದಿ. ಅಲ್ಲಿ 1997ರಿಂದ ಕಿಷ್ಕಿಂದಾ ಟ್ರಸ್ಟ್ ಎಂಬ ಸಂಸ್ಥೆ ಊರಲ್ಲೇ ನೆಲೆಸಿ ಕೆಲಸ ಮಾಡಿತು. ಊರಿನ ಹೆಣ್ಣುಮಕ್ಕಳ ಕೈಗೆ ಬಾಳೆಯ ನಾರು ಕೊಟ್ಟು ಬುಟ್ಟಿ, ಚೀಲ ಹೆಣೆಯುವ ಕಸುಬು ಹಚ್ಚಿತು. ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಬಳಸುವುದನ್ನು ತೋರಿಸಿತು. ದುರ್ಲಭದೇವಿಯ ಲೆಕ್ಕವೇ ಇದು, ಬರೀ ಹೊಲದ ಬದಲು ಬಾಳೆಯ ನಾರು. ಇನ್ನು ಕಾಡು ಗುಡ್ಡದ ವಿಷಯಕ್ಕೆ ದೂರ ಹೋಗಬೇಕಿಲ್ಲ, ನೆರೆಯ ಗದಗಿನ ಕಪ್ಪತಗುಡ್ಡವಿದೆ. 2016ರಲ್ಲಿ ಸರಕಾರ ಅದರ ಸಂರಕ್ಷಿತ ಪಟ್ಟ ತೆಗೆದಾಗ ಬೀದಿಗೆ ಇಳಿದವರು ಮಠದ ಸ್ವಾಮಿಗಳು, ರೈತರು, ಕಾಲೇಜಿನ ಹುಡುಗರು, ಗುಡ್ಡದ ಸುತ್ತಿನ ಊರವರು. 2017ರಲ್ಲಿ ಪಟ್ಟ ಮರಳಿ ಬಂತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಬರೀ ಹೊರಗಿನವರು ಕೂಗಿದ್ದರೆ ಆಗುತ್ತಿರಲಿಲ್ಲ. ಬರೀ ಊರವರು ಕೂಗಿದ್ದರೆ ಬೆಂಗಳೂರಿಗೆ ಕೇಳುತ್ತಿರಲಿಲ್ಲ.

ಗುಡ್ಡದ ಮಾತು ಸುಮ್ಮನೆ ಎತ್ತಲಿಲ್ಲ. ಮಹಾಕೂಟ ಎಂದರೆ ಕಲ್ಲು ಎಂದು ತಿಳಿದವರು ಅರ್ಧ ತಿಳಿದಿದ್ದಾರೆ. ಅಲ್ಲಿ ಗುಡಿ ಎದ್ದದ್ದು ಒರತೆ ಇತ್ತೆಂದು. ಮಳೆಯ ನೀರು ಮೇಲಿನ ಗುಡ್ಡದ ಮರಳುಗಲ್ಲಿನ ಬಿರುಕುಗಳಲ್ಲಿ ಇಂಗಿ, ತಿಂಗಳುಗಟ್ಟಲೆ ಒಳಗೊಳಗೇ ಹರಿದು ಕೆಳಗೆ ಬರುತ್ತದೆ. ಇಂಗಲು ಗುಡ್ಡದ ಮೇಲೆ ಗಿಡ ಬೇಕು, ಹುಲ್ಲು ಬೇಕು, ಮಣ್ಣು ನಿಲ್ಲಬೇಕು. ಗುಡ್ಡಕ್ಕೆ ಬೆಂಕಿ ಬಿದ್ದರೆ, ಕಲ್ಲಿಗಾಗಿ ಸೀಳಿದರೆ, ಕೆಳಗೆ ಎಲ್ಲೆಂದರಲ್ಲಿ ಬೋರು ಕೊರೆದರೆ, ನಿಮ್ಮ ಪುಷ್ಕರಣಿಯಲ್ಲಿ ಮೆಟ್ಟಿಲು ಉಳಿದೀತು, ನೀರು ಉಳಿಯಲಾರದು. ಗುಡ್ಡದ ಮೇಲೆ ಬೆಂಕಿ ಕಂಡರೆ ಮೊದಲು ಯಾರಿಗೆ ಕಾಣುತ್ತದೆ? ಕುರಿ ಕಾಯುವವನಿಗೆ, ಕಟ್ಟಿಗೆಗೆ ಹೋದವಳಿಗೆ. ಅವರನ್ನು ‘ಅತಿಕ್ರಮಣದವರು’ ಎಂದು ಬೇಲಿಯಾಚೆ ನೂಕಿದರೆ ಆ ಬೆಂಕಿಯನ್ನು ಬ್ಯಾನರಿನವರು ಬಾಗಲಕೋಟೆಯಿಂದ ಬಂದು ಆರಿಸುವರೆ?

ಈಗ ನಮ್ಮ ಸರದಿ. ಹೊಂಡದ ದಂಡೆಯ ಕಸ ಯಾರದು ಎಂದು ಆ ಹನ್ನೆರಡು ಚೀಲಗಳನ್ನು ಕಟ್ಟುವಾಗ ನಾನು ನೋಡಿದೆ. ಶಾಂಪೂ ಪಾಕೀಟು, ಸಾಬೂನಿನ ಹೊದಿಕೆ, ಅರಿಸಿನ-ಕುಂಕುಮದ ಪ್ಲಾಸ್ಟಿಕ್ ಚೀಟು, ಹಳೆಯ ಬಳೆ, ದೋಷ ಕಳೆಯಿತೆಂದು ಬಿಟ್ಟುಹೋದ ಸೀರೆ, ಮಕ್ಕಳ ಡಯಾಪರು. ಇದರಲ್ಲಿ ಗಂಡಸರದು ಗುಟಖಾ ಚೀಟು ಮಾತ್ರ. ಅದು ಎಲ್ಲೆಲ್ಲೂ ಇರುವಂಥದು. ಉಳಿದದ್ದೆಲ್ಲ ನಮ್ಮದು, ಬಾಗಲಕೋಟೆ, ಗುಳೇದಗುಡ್ಡ, ಇಳಕಲ್ಲು, ಹುಬ್ಬಳ್ಳಿಯ ಹೆಣ್ಣುಮಕ್ಕಳದು. ಊರ ಮುದುಕಿ ಶಾಂಪೂ ಹಾಕುವುದಿಲ್ಲ. ನಿಂತ ಹೊಂಡದ ನೀರಿಗೆ ಸಾಬೂನಿನ ನೊರೆ ದಿನವೂ ಬಿದ್ದರೆ ಪಾಚಿಗೆ ಅದೇ ಗೊಬ್ಬರ. ಸೀರೆ ಬಿಟ್ಟರೆ ದೋಷ ಹೋಗುತ್ತದೆಯೋ ಇಲ್ಲವೋ ನಾನರಿಯೆ, ನೀರಿನ ದಾರಿಯಲ್ಲಿ ಕಟ್ಟಿಕೊಳ್ಳುವುದಂತೂ ಹೌದು. ಬಟ್ಟೆ ಬದಲಿಸಲು ಹೆಣ್ಣುಮಕ್ಕಳಿಗೆ ಮರೆಯಾದ ಜಾಗ ಸಾಲದೆಂಬುದು ನಿಜವಾದ ದೂರು. ಅದನ್ನು ಅರ್ಜಿಯಲ್ಲಿ ಬರೆಯೋಣ, ಮೊದಲನೆಯ ಸಾಲಿನಲ್ಲೇ ಬರೆಯೋಣ. ಒದ್ದೆ ಬಟ್ಟೆಯನ್ನು ಮನೆಗೆ ಒಯ್ಯಲು ಮಾತ್ರ ಯಾವ ಇಲಾಖೆಯ ಅನುಮತಿಯೂ ಬೇಡ.

“ಪ್ರತಿ ತಿಂಗಳು ಹೋಗಲು ನಮಗೇನು ಕೆಲಸ ಇಲ್ಲವೆ?” ಎಂದು ಮಂಡಳದಲ್ಲಿ ಕೇಳಿದರು. ಕೇಳಿದ ಬಾಯಿ ಪ್ರತಿ ತಿಂಗಳು ಚೀಟಿಯ ಲಿಲಾವಿಗೆ ತಪ್ಪದೆ ಬರುತ್ತದೆ, ಹುಣ್ಣಿಮೆಗೆ ಬನಶಂಕರಿಗೂ ಹೋಗುತ್ತದೆ, ಅಲ್ಲಿ ಬುಟ್ಟಿಯ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು ಉಂಡು ಬರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೀಟಿನ ದುಡ್ಡೂ ಇಲ್ಲವಾಯಿತು. ಹೋಗುವುದಕ್ಕೆ ಅಡ್ಡಿ ಬಸ್ಸಲ್ಲ. ಟೊಪ್ಪಿಗೆ ಇಲ್ಲದೆ, ಫೋಟೋ ಇಲ್ಲದೆ, ಒಬ್ಬ ಕಾಯಿ ಮಾರುವ ಮುದುಕಿಯ ಮುಂದೆ “ಇವತ್ತು ಏನು ಮಾಡಬೇಕು ಹೇಳಬೇ ಯವ್ವಾ” ಎಂದು ನಿಲ್ಲಬೇಕಲ್ಲ, ಅದು ಅಡ್ಡಿ. ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡಾಗ ನಮ್ಮ ಮಂಡಳದಲ್ಲೂ ಎರಡು ನಿಮಿಷ ಮೌನ ಆಚರಿಸಿದೆವು. ಹುಲಿಕಲ್ಲಿನ ರಸ್ತೆಯ ಆಲದ ಸಸಿಗಳಿಗೆ ಆಕೆ, ಆಕೆಯ ಗಂಡ ಕೊಡದಲ್ಲಿ ನೀರು ಹೊತ್ತದ್ದು ವರ್ಷಾನುಗಟ್ಟಲೆ. ಫೋಟೋ ಬಂದದ್ದು ಮರ ನೆರಳು ಕೊಟ್ಟ ಮೇಲೆ.

ಸಭೆಯಲ್ಲಿ ಬೈಸಿಕೊಂಡ ಮೇಲೆ ಏಳು ಮಂದಿ ಗುಟ್ಟಾಗಿ ಬಂದು ನನ್ನನ್ನು ಕಂಡರು. ನಾನೂ ಸೇರಿ ಎಂಟು. ಬರುವ ಅಮಾವಾಸ್ಯೆಯ ಮರುದಿನ ಹೊರಟಿದ್ದೇವೆ, ಬೆಳಗಿನ ಬಸ್ಸಿಗೆ ಬಾದಾಮಿ, ಅಲ್ಲಿಂದ ಟಂಟಂ. ಜಾತ್ರೆಯ ದಿನ ಹೋದರೆ ಕಾಲಿಡಲು ಜಾಗ ಇರುವುದಿಲ್ಲ, ಮರುದಿನವೇ ಕೆಲಸ ಎಂದು ಮುದುಕಿ ಫೋನಿನಲ್ಲಿ ಹೇಳಿದ್ದಾಳೆ. ಕಸಬರಿಗೆ ತರಬೇಡಿ, ಅಲ್ಲಿವೆ. ಖಾಲಿ ಚೀಲ ಮತ್ತು ಗಟ್ಟಿ ಹಗ್ಗ ತನ್ನಿ ಎಂದಳು. ಕೂಡಿದ ಕಸವನ್ನು ಬಾದಾಮಿಗೆ ಒಯ್ಯುವ ಟ್ರ್ಯಾಕ್ಟರಿನವ ಆಕೆಯ ಅಳಿಯ, ಬಾಡಿಗೆ ಎಂಟು ಜನರಲ್ಲಿ ಹಂಚಿಕೊಳ್ಳುತ್ತೇವೆ. ಊಟಕ್ಕೆ ಆಕೆಯ ಓಣಿಯ ಹೆಣ್ಣುಮಕ್ಕಳೇ ರೊಟ್ಟಿ ಬಡಿಯುತ್ತಾರೆ, ರೇಟು ಅವರು ಹೇಳಿದ್ದೇ. ತಾಟು ನಾವು ಮನೆಯಿಂದ ಒಯ್ಯಬೇಕು. ಬರುವವರು ತಮ್ಮ ತಾಟು, ಲೋಟ ತಂದರೆ ಸಾಕು.